ಕಿವಿರಿನ ಹುಳು, ನನ್ನ ಹಿಡಿ ಉಪ್ಪು

ಆ ರವಿವಾರ ಊಟಕ್ಕೆ ಮುಂಚೆ ಮಾಡಿದ ಕೆಲಸಗಳು: ಒಲೆ ಸಾರಿಸಿದ್ದು. ಬಚ್ಚಲ ಹಂಡೆ ತುಂಬಿ ಉರಿ ಹಾಕಿದ್ದು. ತುಳಸಿಗೆ ನೀರು, ಹೊಸ್ತಿಲಿಗೆ ರಂಗೋಲಿ. ಅತ್ತೆಯ ಮಡಿಸೀರೆಯನ್ನು ಕೋಲಿನಿಂದ ಇಳಿಸಿ ಕೊಟ್ಟದ್ದು. ಜೋಳದ ಹಿಟ್ಟು ಜರಡಿ ಹಿಡಿದದ್ದು. ಎಣ್ಣೆಗಾಯಿಗೆ ಶೇಂಗಾ ಹುರಿದು ಕುಟ್ಟಿದ್ದು. ಸಂಡಿಗೆಯ ಚಾಪೆ ಮಾಳಿಗೆಗೆ ಒಯ್ದು, ಕಾಗೆ ಬರದಂತೆ ಕರಿಯ ಚಿಂದಿ ಕಟ್ಟಿದ್ದು. ಬಿಳಿ ಬೋಗುಣಿ ತಿಕ್ಕಿದ್ದು, ಎರಡು ಸಲ. ಹರಳುಪ್ಪಿನ ಭರಣಿಯಿಂದ ಒಂದು ಹಿಡಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡದ್ದು.

ಕೊನೆಯ ಎರಡನ್ನು ಬಿಟ್ಟರೆ ಉಳಿದವು ಯಾವ ರವಿವಾರವಾದರೂ ಇದ್ದದ್ದೇ. ಆ ಉಪ್ಪಿನ ಸಂಗತಿ ಮಾತ್ರ ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿಲ್ಲ. ಹೇಳುವುದಾದರೆ ಮೊದಲು ಮೀನಿನಿಂದ ಹೇಳಬೇಕು.

ನಾವು ಧಾರವಾಡದ ಕಡೆಯವರು, ಮೀನು ತಿನ್ನದ ಮನೆ. ನಮ್ಮವರಿಗೆ ಪುಣೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಯೋಗ ಕಲಿಸುವ ಕೆಲಸ. ಆಗ ಇನ್ನೂ ಬ್ರಿಟಿಷರ ಕಾಲ. ನಾವಿದ್ದದ್ದು ಮುಠಾ ನದಿಯ ಕಡೆಗೆ ಇಳಿಯುವ ಓಣಿಯ ಒಂದು ವಾಡೆಯ ಹಿಂಭಾಗದಲ್ಲಿ. ಮುಂದೊಂದು ಪಡಸಾಲೆ, ನಡುವೆ ಅಡಿಗೆಮನೆ, ಹಿಂದೊಂದು ಕೈಕಾಲು, ಪಾತ್ರೆ ತೊಳೆಯುವ ಮೋರಿ. ಮಗಳ ಮದುವೆಯಾಗಿ ಅವಳು ಸೊಲ್ಲಾಪುರಕ್ಕೆ ಹೋದ ವರ್ಷ ನಮ್ಮವರು ದಂಡಿನವರ ಹಳೆ ಸಾಮಾನಿನ ಹರಾಜಿನಲ್ಲಿ ಒಂದು ಹಳೆಯ ಹಿತ್ತಾಳೆಯ ಸೂಕ್ಷ್ಮದರ್ಶಕ ಹಿಡಿದುಕೊಂಡು ಬಂದರು. ಮಗಳ ತೊಟ್ಟಿಲು ಇಟ್ಟಿದ್ದ ಕಿಟಕಿಯ ಕೆಳಗೆ ಮೇಜು ಹಾಕಿ ಅದನ್ನು ಕೂಡಿಸಿದರು. ನನ್ನದೊಂದು ನೀಲಿ ಇಳಕಲ್ ಸೀರೆ ಹರಿದಿತ್ತು, ಅದರದೇ ಗವಸು ಹೊಲಿದು ಕೊಟ್ಟೆ.

ಅವರು ಹುಡುಕುತ್ತಿದ್ದದ್ದು ಹೊಳೆಯ ಮೀನಿನ ಕಿವಿರಿನಲ್ಲಿ ಇರುವ ಒಂದು ಚಪ್ಪಟೆ ಹುಳು. ಕಿವಿರಿನ ಎಳೆಗಳನ್ನು ಕಚ್ಚಿಕೊಂಡು ಮೀನಿನ ರಕ್ತ ಕುಡಿದು ಬದುಕುವಂಥದು. ಅದರ ವಿಶೇಷವೇನೆಂದರೆ, ಸಣ್ಣದಿರುವಾಗ ಒಂಟಿಯಾಗಿರುವ ಎರಡು ಹುಳು ಒಂದನ್ನೊಂದು ಕಂಡುಕೊಂಡು, ಅಡ್ಡಡ್ಡವಾಗಿ ಹೆಣೆದುಕೊಂಡು, ಮೈಗೆ ಮೈ ಬೆಳೆಯುತ್ತವೆ. ಆಮೇಲೆ ಸಾಯುವವರೆಗೆ ಬಿಡುವುದಿಲ್ಲ. ಜೋಡಿ ಸಿಗದ ಒಂಟಿ ಹುಳು ಬೆಳೆಯುವುದಿಲ್ಲ, ಹೆಚ್ಚು ದಿನ ಉಳಿಯುವುದೂ ಇಲ್ಲ. ಬರಿಗಣ್ಣಿಗೆ ಎಳ್ಳಿಗಿಂತ ಒಂದಿಷ್ಟು ದೊಡ್ಡ ಕಂದು ಚೂರು. ಗಾಜಿನಡಿ ನೋಡಿದರೆ ಗುಣಿಸುವ ಲೆಕ್ಕದ ಗುರುತು ಇದ್ದಂತೆ. ಎರಡು ತಲೆ, ಎರಡು ಬಾಲ, ಬಾಲಕ್ಕೆ ಸಾಲಾಗಿ ಪುಟ್ಟ ಇಕ್ಕಳಗಳು.

ಇದನ್ನೆಲ್ಲ ನಾನು ಓದಿ ತಿಳಿದದ್ದಲ್ಲ, ನೋಡಿ ತಿಳಿದದ್ದು. ನಮ್ಮಲ್ಲೊಂದು ಪದ್ಧತಿ ಬಿದ್ದುಬಿಟ್ಟಿತ್ತು. ಗಾಜಿನ ಪಟ್ಟಿಯ ಮೇಲೆ ಏನಾದರೂ ಸಿಕ್ಕಿತೆಂದು ಅನಿಸಿದ ಕೂಡಲೇ ನಮ್ಮವರು ಕಣ್ಣು ತೆಗೆದು ನನ್ನನ್ನು ಕರೆಯುತ್ತಿದ್ದರು.

"ಏ, ಕೈ ಒರಸಿಕೊಂಡು ಬಾ ಇಲ್ಲೆ. ಮೊದಲ ನೀ ನೋಡು."

"ನನಗೇನ್ ತಿಳೀತದ್ರಿ ಅದರಾಗ?"

"ತಿಳಿಯಂಗಿಲ್ಲ ಅಂತನ ಕರದೀನಿ. ನಾ ಕಲ್ತಾಂವ, ನನಗ ಇಲ್ಲದ್ದೂ ಕಾಣ್ತದ. ನೀ ಇದ್ದದ್ದಷ್ಟ ಹೇಳ್ತಿ."

ನಾನು ಎಡಗಣ್ಣು ಮುಚ್ಚಿ ನೋಡಿ ಹೇಳುತ್ತಿದ್ದೆ: ಈ ಕಡೆ ನಾಲ್ಕು ಜೊತೆ ಇಕ್ಕಳ, ಆ ಕಡೆ ಮೂರು, ಒಂದು ಹರಿದದ. ಅವರು ಹಾಗೇ ಬರೆದುಕೊಳ್ಳುತ್ತಿದ್ದರು. ಮೊದಲ ನೋಟ ನನ್ನದು. ಬಂಗಾರ ಕೇಳಿದವಳಲ್ಲ ನಾನು, ತವರಿಗೆ ಕಳಿಸಿರೆಂದು ಕಾಡಿದವಳೂ ಅಲ್ಲ. ಆ ಮೇಜಿನ ಹತ್ತಿರದ ಸ್ಟೂಲು, ಆ ಮೊದಲ ನೋಟ, ಇವೆರಡೂ ನನ್ನವೆಂದು ತಿಳಿದಿದ್ದೆ.

ಎರಡು ವರ್ಷದ ಮೇಲೆ ಮಾವನವರು ತೀರಿಕೊಂಡು ಅತ್ತೆ ನಮ್ಮ ಕಡೆಗೇ ಬಂದು ಇದ್ದರು. ಅದೇ ದೀಪಾವಳಿ ಕಳೆದ ಮೇಲೆ ಆ ಹುಡುಗಿಯೂ ಬರತೊಡಗಿದಳು. ಕಾರವಾರದವಳು. ಹೊಳೆಯಾಚೆ ಭಾಂಬುರ್ಡೆಯಲ್ಲಿ ಸೋದರಮಾವನ ಮನೆಯಲ್ಲಿದ್ದು ನಮ್ಮವರ ಕಾಲೇಜಿನಲ್ಲಿ ಓದುತ್ತಿದ್ದಳು. ನನ್ನ ಮಗಳಿಗಿಂತ ಒಂದು ವರ್ಷ ದೊಡ್ಡವಳೋ ಏನೋ. ಚಿತ್ರ ಬರೆಯುವ ಕೈ. ನಮ್ಮವರು ಹುಳುವಿನ ಮೇಲೆ ಲೇಖನ ಬರೆದು ಕಳಿಸಬೇಕೆಂದಿದ್ದರು, ಅದಕ್ಕೆ ಚಿತ್ರ ಬೇಕಾಗಿದ್ದವು. ಪ್ರತಿ ರವಿವಾರ ಚಿತ್ರದ ಹಲಗೆ ಹಿಡಿದು ಬರುತ್ತಿದ್ದಳು.

"ವೈನಿ, ಏನು ಅಡುಗೆ ಇವತ್ತು?" ಎಂದು ಬಾಗಿಲಲ್ಲೇ ಕೇಳುವಳು. ವೈನಿ ಎಂದು ಅವಳಿಗೆ ಕಲಿಸಿದವರು ನಮ್ಮವರೇ ಇರಬೇಕು. ಅಣ್ಣನ ಹೆಂಡತಿಗೆ ಅನ್ನುವ ಮಾತು. ನನಗೆ ಅದೂ ಸೇರುತ್ತಿರಲಿಲ್ಲ.

ಅವಳು ಬಂದ ಮೊದಲ ರವಿವಾರವೇ ನಮ್ಮವರು ಅವಳಿಗೆ, "ನೋಡವ್ವಾ, ಮೊದಲ ನೀ ನೋಡು" ಎಂದರು. ನಾನು ಅಡಿಗೆಮನೆಯಲ್ಲಿ ಸೌತೆಕಾಯಿ ಕೊಚ್ಚುತ್ತಿದ್ದೆ. ಕೈ ಒರೆಸಿಕೊಂಡು ಎದ್ದು ನಿಂತಿದ್ದೆ ಕೂಡ. ಮತ್ತೆ ಕೂತೆ.

ಆಮೇಲೆ ನನ್ನ ನಡತೆ ಹೇಗಾಯಿತೆಂದು ಬರೆಯಲು ನಾಚಿಕೆ. ಅವಳಿಗೆ ಚಹಾ ಕೊಡುವಾಗ ಅಂಚು ಒಡೆದ ಕಪ್ಪನ್ನೇ ಹುಡುಕಿ ತೆಗೆಯುತ್ತಿದ್ದೆ. ಅವಳು ಕೂಡುವ ಸ್ಟೂಲಿನ ಮೇಲೆ ಉಪ್ಪಿನಕಾಯಿಯ ಭರಣಿ ಇಟ್ಟು, "ಅಯ್ಯ, ಬಿಸಿಲಿಗೆ ಇಟ್ಟಿದ್ದೆ" ಎನ್ನುತ್ತಿದ್ದೆ. ಅವಳು ನಕ್ಕು ಭರಣಿಯನ್ನು ಎರಡೂ ಕೈಯಲ್ಲಿ ಎತ್ತಿ ಮೆಲ್ಲಗೆ ಕಿಟಕಿಯಲ್ಲಿಟ್ಟು ಕೂಡುವಳು. ಒಂದು ಹೊತ್ತಿನಲ್ಲಿ ನಮ್ಮವರು ಅವಳ ಚಿತ್ರಕ್ಕೆ ಎಷ್ಟು ಸಲ "ಛಲೋ" ಎಂದರೆಂದು ರೊಟ್ಟಿ ಬಡಿಯುತ್ತ ಎಣಿಸುತ್ತಿದ್ದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನ್ನ ರೊಟ್ಟಿಗೆ ಅಷ್ಟು ಸಲ ಅಂದಿರಲಿಲ್ಲ.

ಇನ್ನು ಮೀನಿನ ವಿಷಯ. ಹೊಳೆಯ ದಂಡೆಯ ಮೀನುಗಾರ್ತಿಯೊಬ್ಬಳು ರವಿವಾರ ಬೆಳಿಗ್ಗೆ ಗಡಿಗೆಯಲ್ಲಿ ನೀರು ಹಾಕಿ ನಾಲ್ಕಾರು ಜೀವಂತ ಮೀನು ತರುತ್ತಿದ್ದಳು. ಸತ್ತ ಮೀನಿನ ಕಿವಿರಿನಲ್ಲಿ ಹುಳು ನಿಲ್ಲುವುದಿಲ್ಲ, ಅದಕ್ಕೆ ಜೀವಂತವೇ ಬೇಕು. ಅತ್ತೆ ಬಂದ ಮೇಲೆ ಇದು ದೊಡ್ಡ ರಗಳೆಯಾಯಿತು.

"ವಿದ್ಯಾ ಅಂತೀದಿ, ಇರಲಿ. ಹೊಳಿ ಮೀನು ಹಂಗ ಹೊಸ್ತಿಲಾ ದಾಟಿ ಬರೂದು ಬ್ಯಾಡಪಾ" ಎಂದು ಮಗನಿಗೆ ಹೇಳಿದರು. ಮಗ ಗಾಜಿನ ಪಟ್ಟಿ ಒರೆಸತೊಡಗಿದರು. ಇಬ್ಬರ ನಡುವೆ ಹಾದಿ ಹುಡುಕುವುದು ಯಾವಾಗಲೂ ನನ್ನ ಪಾಲಿಗೆ.

"ಹಿಂದ ಮೋರಿ ಹತ್ರನ ಗಡಿಗಿಗೆ ಒಂದ ಹಿಡಿ ಉಪ್ಪು, ಚಿಟಿಕಿ ಅರಿಷಿಣ ಹಾಕಿ ಬಿಡತೀನ್ರಿ ಅತ್ತಿ. ನಾ ಅಕ್ಕಿ ಆರಿಸೂತನಕ ಅದರಾಗ ಇರಲಿ. ಆಮ್ಯಾಲ ಒಳ್ಳೆ ನೀರಾಗ ಹಾಕಿ ಒಳಗ ತರೂಣು."

ಅರಿಷಿಣ ಬಿತ್ತೆಂದರೆ ಅತ್ತೆಗೆ ಸಮಾಧಾನ. ಒಪ್ಪಿಕೊಂಡರು. ನಮ್ಮವರ ಮುಂದೆ ಇದನ್ನು ಬಿಡಿಸಿ ಹೇಳಲಿಲ್ಲ. ಅಡಿಗೆಮನೆಯ ಕಟ್ಟಳೆಗಳನ್ನು ಗಂಡಸರಿಗೆ ಹೇಳುವ ರೂಢಿ ನಮ್ಮಲ್ಲಿ ಇಲ್ಲ. ಮೀನುಗಾರ್ತಿ ಮಾತ್ರ ನೋಡಿ ನಕ್ಕಿದ್ದಳು. "ಜಿತ್ಯಾ ಮಾಶಾಲಾ ಮೀಠ ಕಶಾಲಾ, ಬಾಯಿ?" ಎಂದಳು. ಜೀವ ಇರುವ ಮೀನಿಗೆ ಉಪ್ಪು ಯಾಕೆ ಎಂದು. ನಮ್ಮ ಮನೆಯ ಪದ್ಧತಿ ಎಂದೆ.

ಆ ಹುಡುಗಿ ತನ್ನ ಮೀನನ್ನು ಬೇರೆ ತರುತ್ತಿದ್ದಳು. ಸೇತುವೆ ದಾಟಿ ಬರುವಾಗ ಅದೇ ಮೀನುಗಾರ್ತಿಯ ಕಡೆ ಎರಡು ಮೀನು ತೆಗೆದುಕೊಂಡು ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಹಿಡಿದು, ವಾಡೆಯ ಮುಂದಿನ ಕಟ್ಟೆಯ ಮೇಲೆಯೇ ಕಿವಿರು ಬಿಡಿಸಿ, ಕಿವಿರನ್ನಷ್ಟೇ ಒಳಗೆ ತರುವಳು. ಉಳಿದ ಮೀನು ಸಂಜೆ ಮಾವನ ಮನೆಯ ಸಾರಿಗೆ. ಅವಳು ಸಾರಸ್ವತರ ಮನೆಯವಳು, ಅವರಿಗೆ ನಡೆಯುತ್ತದೆ.

ಏನಾಯಿತೆಂದರೆ, ನಮ್ಮ ಗಡಿಗೆಯ ಮೀನಿನಲ್ಲಿ ಹುಳು ಸಿಗುವುದೇ ನಿಂತುಹೋಯಿತು. ಅವಳ ಡಬ್ಬಿಯ ಮೀನಿನಲ್ಲಿ ವಾರಕ್ಕೆ ಮೂರು, ಐದು. ಒಂದೇ ಹೊಳೆ, ಒಬ್ಬಳೇ ಮೀನುಗಾರ್ತಿ.

"ಇದೇನ್ ಸೋಜಿಗವಾ" ಎಂದರು ನಮ್ಮವರು ಒಂದು ದಿನ ಅವಳಿಗೆ. "ನಿನ್ನ ಕೈಗುಣ ಭಾಳ ಛಲೋ ಅದ ನೋಡು. ನಮ್ಮನಿಯಾಗ ಹುಳಕ್ಕೂ ಬರಲಿಕ್ಕೆ ಮನಸಿಲ್ಲ."

"ಹಾಗಲ್ಲ ಸರ್, ಸುಮ್ಮನೆ ಸಿಕ್ಕಿದೆ" ಎಂದಳು ಅವಳು.

"ಕೈಗುಣ ಅಂತ" ಎಂದೆ ನಾನು ಅಡಿಗೆಮನೆಯಿಂದಲೇ. "ಆಕಿ ಕೈಲೇನ ಅಡಗೀನೂ ಮಾಡಸ್ರಿ ಇನ್ನ."

ಹುಡುಗಿ ಅದನ್ನೂ ಚೇಷ್ಟೆಯೆಂದು ತಿಳಿದು, "ಮೀನುಸಾರು ಮಾಡ್ತೇನೆ ನೋಡಿ ವೈನಿ, ಅಜ್ಜಿ ನನ್ನನ್ನು ಹೊರಗೆ ಹಾಕ್ತಾರೆ" ಎಂದಳು. ಜಪ ಮಾಡುತ್ತಿದ್ದ ಅತ್ತೆಯೂ ನಕ್ಕರು. ನನಗೆ ಅತ್ತೆಯ ಮೇಲೂ ಸಿಟ್ಟು ಬಂತು. ಆ ಹುಡುಗಿ ಬಂದರೆ ಅತ್ತೆ ಲವಲವಿಕೆಯಿಂದ ಇರುತ್ತಿದ್ದರು. ಜೋಡಿ ಹುಳುವಿನ ಕತೆ ಕೇಳಿ, "ನಿನಗೊಂದು ಜೋಡಿ ನೋಡಲಿಲ್ಲೇನು ನಿಮ್ಮ ಮಾವ? ಒಂಟಿ ಹುಳ ಬಾಳಂಗಿಲ್ಲಂತ" ಎಂದು ಕಾಡಿಸುವರು. ಅವಳು, "ನಾನು ಹುಳು ಅಲ್ಲವಲ್ಲ ಅಜ್ಜಿ" ಎಂದು ಪೆನ್ಸಿಲು ಕೆತ್ತುವಳು.

ಹೀಗೆ ಎಂಟು ರವಿವಾರ. ಆದರೆ ಅವಳು ತಂದ ಹುಳುಗಳಲ್ಲೂ ಒಂದು ಕೊರತೆ ಇತ್ತು. ಕಿವಿರಿನಿಂದ ಸೂಜಿಯಲ್ಲಿ ಕಿತ್ತು ತೆಗೆಯುವಾಗ ಇಕ್ಕಳಗಳು ಹರಿಯುತ್ತಿದ್ದವು. ಪೂರ್ತಿ ಇರುವ, ಹೊಟ್ಟೆಯಲ್ಲಿ ತತ್ತಿ ಇರುವ ಒಂದು ಜೋಡಿ ಸಿಗದೆ ಲೇಖನ ಕಳಿಸುವ ಹಾಗಿಲ್ಲ ಎನ್ನುತ್ತಿದ್ದರು ನಮ್ಮವರು. ತಿಂಗಳ ಕೊನೆಯೇ ಗಡುವು.

ಒಂಬತ್ತನೆಯ ರವಿವಾರ ನಮ್ಮ ಗಡಿಗೆ ಬಾಯಿ ಸೀಳಿತು. ಬೇರೆ ಪಾತ್ರೆ ಕೊಡುವ ಹಾಗಿಲ್ಲ, ಎಲ್ಲವೂ ಅಡಿಗೆಯವು. ಮಗಳ ಬಾಣಂತನದಲ್ಲಿ ತಂದ, ದವಾಖಾನೆಯಲ್ಲಿ ಇರುವಂಥ ಬಿಳಿ ಬೋಗುಣಿಯೊಂದು ಅಟ್ಟದ ಮೇಲಿತ್ತು. ಅದರಲ್ಲೇ ಮೀನು ಬಿಟ್ಟು ಉಪ್ಪು ಹಾಕಿದೆ. ಅತ್ತೆ ಸ್ನಾನಕ್ಕೆ ಹೋಗಿದ್ದರು, ಗಡಿಬಿಡಿಯಲ್ಲಿ ಅರಿಷಿಣ ಮರೆತೆ. ಅಕ್ಕಿ ಆರಿಸಿ ಮುಗಿಸಿ, ಮೀನು ತೆಗೆದು ಬೇರೆ ನೀರಿಗೆ ಹಾಕಿ, ಬೋಗುಣಿಯ ನೀರನ್ನು ಮೋರಿಗೆ ಚೆಲ್ಲಲು ಎತ್ತಿದೆ. ಬಿಳಿಯ ತಳದಲ್ಲಿ ಎರಡು ಕಂದು ಚೂರು. ಅಕ್ಕಿಯ ಕಸವೆಂದುಕೊಂಡೆ. ಕಸ ಅಲ್ಲ. ಒಂದು ಮೆಲ್ಲಗೆ ಮೈ ಮುರಿಯಿತು. ಎರಡು ತಲೆ, ಎರಡು ಬಾಲ.

ಉಪ್ಪಿಗೆ ಹುಳು ಕಿವಿರು ಬಿಟ್ಟು ಕೆಳಗೆ ಬಿದ್ದಿದ್ದವು. ಎಂಟು ವಾರದಿಂದ ನಮ್ಮವರ ಹುಳುಗಳನ್ನೆಲ್ಲ ನಾನೇ ಕೈಯಾರೆ ಮೋರಿಗೆ ಚೆಲ್ಲಿದ್ದೆ, ಅರಿಷಿಣದ ಹಳದಿ ನೀರಿನ ಜೊತೆಗೆ. ಅವಳ ಕೈಗುಣವೂ ಇಲ್ಲ, ಏನೂ ಇಲ್ಲ. ಅವಳ ಡಬ್ಬಿಗೆ ಉಪ್ಪು ಬಿದ್ದಿರಲಿಲ್ಲ, ಅಷ್ಟೇ.

ಒಳಗೆ ಹೋಗಿ ಹೇಳಬೇಕಿತ್ತು. ಪಡಸಾಲೆಯಿಂದ ಅವಳ ನಗು ಕೇಳಿಸಿತು. ಬೋಗುಣಿಯನ್ನು ಮೋರಿಗೆ ಬಗ್ಗಿಸಿದೆ.

ಅದು ಸಾಲಲಿಲ್ಲ. ಮುಂದಿನ ರವಿವಾರ ಅವಳು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಅತ್ತೆಗೆ ನಮಸ್ಕಾರ ಮಾಡಲು ಒಳಗೆ ಬಂದಾಗ, ನಾನು ರಂಗೋಲಿಯ ಬಟ್ಟಲು ಹಿಡಿದವಳಂತೆ ಹೊರಗೆ ಹೋದೆ. ಬಟ್ಟಲಲ್ಲಿ ಉಪ್ಪು. ಡಬ್ಬಿಯ ಮುಚ್ಚಳ ಸರಿಸಿ ಸುರಿದೆ. ಮೀನೆರಡೂ ಒಮ್ಮೆ ಜೋರಾಗಿ ಹೊರಳಿದವು. ಆಮೇಲೆ ಅವಳಿಗೆ ಚಹಾ ಕೊಟ್ಟೆ, ಎಂದೂ ಇಲ್ಲದ್ದು ಅವಲಕ್ಕಿಯನ್ನೂ ಕೊಟ್ಟು ಒಳಗೇ ಕೂಡಿಸಿಕೊಂಡೆ. ಉಪ್ಪಿಗೆ ಅಷ್ಟು ಹೊತ್ತು ಬೇಕಿತ್ತು.

ಆ ದಿನ ಅವಳ ಕಿವಿರಿನಲ್ಲೂ ಏನೂ ಇರಲಿಲ್ಲ. ಇಬ್ಬರೂ ಮಧ್ಯಾಹ್ನದವರೆಗೆ ನೋಡಿದರು.

"ಹಂಗಾಮ ಮುಗೀತು ಕಾಣ್ತದ" ಎಂದರು ನಮ್ಮವರು. "ಇರಲಿ ಬಿಡವಾ. ಎಲ್ಲಾರಿಗೂ ಎಲ್ಲಾ ಆಗಂಗಿಲ್ಲ."

ಅವಳು ಗಾಜಿನ ಪಟ್ಟಿಗಳನ್ನು ತೊಳೆದು ಒರೆಸಿ ಸಾಲಾಗಿ ಇಟ್ಟು ಹೋದಳು. ನಮ್ಮವರು ಸೂಕ್ಷ್ಮದರ್ಶಕಕ್ಕೆ ನನ್ನ ನೀಲಿ ಸೀರೆಯ ಗವಸು ಹಾಕಿ, ದಾರವನ್ನು ಬಿಗಿದು, ಎರಡು ಗಂಟು ಹಾಕಿದರು. ಯಾವಾಗಲೂ ಒಂದೇ ಗಂಟು ಹಾಕುವವರು. ಸ್ಟೂಲು ನನಗೆ ತಿರುಗಿ ಸಿಕ್ಕಿತ್ತು. ಅದರ ಮುಂದೆ ನೋಡಲು ಏನೂ ಇರಲಿಲ್ಲ. ಆ ವಾರವಿಡೀ ಅವರು ಕಾಲೇಜಿನಿಂದ ಬಂದು ಕಾಲು ತೊಳೆದು ಗೋಡೆಗೆ ಒರಗಿ ಕೂಡುತ್ತಿದ್ದರು. ಊಟಕ್ಕೆ ಕರೆದರೆ, "ಹೂಂ" ಎನ್ನುವರು. ನನ್ನನ್ನು ಯಾವುದಕ್ಕೂ ಕರೆಯಲಿಲ್ಲ.

ಶನಿವಾರ ನಾನೇ ಮೀನುಗಾರ್ತಿಗೆ ಹೇಳಿ ಕಳಿಸಿದೆ. ಹುಡುಗಿ ಬರುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಬರೆದಿಟ್ಟ ಚಿತ್ರಗಳನ್ನು ಒಯ್ಯಲು ಬಂದಳು. ಹೀಗೆ ಮೊದಲು ಹೇಳಿದ ಆ ರವಿವಾರ ಬಂತು.

ಬಿಳಿ ಬೋಗುಣಿಯನ್ನು ಮೋರಿಗೆ ಒಯ್ಯಲಿಲ್ಲ. ಮೀನು ಬಿಟ್ಟು ನೇರವಾಗಿ ಪಡಸಾಲೆಗೆ ತಂದು ಕಿಟಕಿಯ ಕೆಳಗಿನ ಮೇಜಿನ ಮೇಲಿಟ್ಟೆ. ಅತ್ತೆ ಜಪದ ಮಣಿ ನಿಲ್ಲಿಸಿದರು.

"ಏನಿದು?" ಎಂದರು ನಮ್ಮವರು.

"ನೋಡಕೋತ ಇರ್ರಿ." ಸೆರಗಿನ ಗಂಟು ಬಿಚ್ಚಿ ಉಪ್ಪು ಹಾಕಿದೆ.

"ಏ, ಏನ ಮಾಡಲಿಕ್ಹತ್ತೀ, ಜೀವಂತ ಮೀನದಾವ."

"ಗೊತ್ತದ್ರಿ. ಎರಡ ತಿಂಗಳಿಂದ ಮಾಡಲಿಕ್ಹತ್ತೀನಿ."

ಒಂದು ಸೇರು ಅಕ್ಕಿ ತಂದು ಅವರ ಮುಂದೆಯೇ ಆರಿಸಲು ಕೂತೆ. ಎಷ್ಟು ಹೊತ್ತು ಎಂಬುದಕ್ಕೆ ನನ್ನಲ್ಲಿ ಬೇರೆ ಅಳತೆ ಇರಲಿಲ್ಲ. ಅಕ್ಕಿ ಮುಗಿಯಿತು. ಮೀನು ತೆಗೆದು ಒಳ್ಳೆಯ ನೀರಿಗೆ ಹಾಕಿದೆ. ತಳದಲ್ಲಿ ಮೂರು ಜೋಡಿ. ಗಾಜಿನ ನಳಿಗೆಯಲ್ಲಿ ಒಂದನ್ನು ಹೀರಿ ಪಟ್ಟಿಯ ಮೇಲೆ ಬಿಟ್ಟೆ. ಅವರು ಮಾಡುವುದನ್ನು ಎಷ್ಟೋ ಸಲ ನೋಡಿದ್ದೆ. ಗವಸಿನ ಎರಡು ಗಂಟು ಬಿಚ್ಚಿದೆ, ಕನ್ನಡಿ ತಿರುಗಿಸಿ ಬೆಳಕು ಹಿಡಿದೆ. ಯಾರನ್ನೂ ಕೇಳದೆ ಸ್ಟೂಲಿನ ಮೇಲೆ ಕೂತು ನೋಡಿದೆ.

"ಈ ಕಡೆ ನಾಲ್ಕ ಜೊತಿ ಇಕ್ಕಳ" ಎಂದೆ. "ಆ ಕಡೆ ನಾಲ್ಕ ಜೊತಿ. ಒಂದೂ ಹರದಿಲ್ಲ. ಹೊಟ್ಟಿಯಾಗ ಹಳದಿ ತತ್ತಿ ಅದ, ತುದಿಗೆ ದಾರ ಸುತ್ತಿದ್ಹಂಗ."

ಆಮೇಲೆ ಎದ್ದು ಗೋಡೆಯ ಕಡೆ ನೋಡುತ್ತ ಹೇಳಿದೆ: ಅತ್ತೆಯ ಮಡಿಗಾಗಿ ಉಪ್ಪು ಹಾಕಿದ್ದು, ಹುಳುಗಳನ್ನು ಮೋರಿಗೆ ಚೆಲ್ಲಿದ್ದು, ಹೋದ ವಾರಕ್ಕಿಂತ ಹಿಂದಿನ ವಾರವೇ ತಿಳಿದರೂ ಬಾಯಿ ಬಿಡದೆ ಇದ್ದದ್ದು.

"ಹತ್ತ ರವಿವಾರ" ಎಂದರು ನಮ್ಮವರು ಒಮ್ಮೆ. ಮತ್ತೆ ಅದೇ, "ಹತ್ತ ರವಿವಾರ." ಎದ್ದು ಓಣಿಯವರೆಗೆ ಹೋಗಿ ಬಂದರು. ಬಂದವರು ಕೇಳಿದ್ದು ಇಷ್ಟು:

"ಉಪ್ಪು ಎಷ್ಟ ಹಾಕಿದಿ?"

"ಒಂದ ಹಿಡಿ."

"ಹಿಡಿ ಅಂದ್ರ?"

"ಹಿಡಿ ಅಂದ್ರ ಹಿಡಿ. ನಂದು."

ತಕ್ಕಡಿ ತರಿಸಿದರು. ನನ್ನ ಕೈಯಿಂದ ಒಂದು ಹಿಡಿ ತೂಗಿದರು. ಒಂದು ಸಲ ಸಾಲದೆಂದು ಎರಡು, ಐದು, ಹತ್ತು ಸಲ. ಬೋಗುಣಿಗೆ ಎಷ್ಟು ನೀರು ಹಿಡಿಯುತ್ತದೆಂದು ಅಳೆದರು. ಹುಡುಗಿ ಎಲ್ಲವನ್ನೂ ಬರೆದುಕೊಂಡಳು. ಉಳಿದ ಮೀನಿಗೆ ಅರ್ಧ ಹಿಡಿ, ಒಂದೂವರೆ ಹಿಡಿ ಎಂದು ಹಾಕಿ ನೋಡಿದರು. ಭರಣಿ ತಳ ಕಂಡಿತು.

ಡಬ್ಬಿಗೆ ಸುರಿದದ್ದನ್ನು ಮಾತ್ರ ಎಲ್ಲರೆದುರು ಹೇಳಲಾಗಲಿಲ್ಲ. ಹುಡುಗಿ ಕೈ ತೊಳೆಯಲು ಮೋರಿಗೆ ಬಂದಾಗ ನೀರು ಹಾಕುತ್ತ ಹೇಳಿದೆ.

"ಹೋದ ವಾರ ನಿನ್ನ ಡಬ್ಬಿಗೂ ಹಾಕಿದ್ದೆ. ನಾನ."

ಅವಳು ಕೈ ಉಜ್ಜುತ್ತಲೇ ಇದ್ದಳು. "ಗೊತ್ತಾಗಿತ್ತು ವೈನಿ. ತಳದಲ್ಲಿ ನಾಲ್ಕು ಹರಳು ಕರಗದೆ ಉಳಿದಿತ್ತು. ಅಜ್ಜಿಯ ಮಡಿಗೆ ಹಾಕಿದ್ದೀರಿ ಅಂತ ತಿಳಿದುಕೊಂಡೆ."

"ಅವರ ಮುಂದ ಯಾಕ ಹೇಳಲಿಲ್ಲ?"

"ಹೇಳಿದರೆ ಬರಬೇಡ ಅಂತಿದ್ದಿರಿ ನೀವು."

ನಿಜವೇ. ಚೊಂಬಿನಲ್ಲಿದ್ದ ನೀರೆಲ್ಲ ಅವಳ ಕೈಮೇಲೆ ಸುರಿದು ಮುಗಿಸಿದೆ. ಚಿತ್ರ ಬರೆಯುತ್ತಾಳೆ, ಅತ್ತೆಯನ್ನು ನಗಿಸುತ್ತಾಳೆ, ಮೇಲೆ ಒಳ್ಳೆಯವಳೂ ಹೌದು. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಹಗುರ ಆಗುತ್ತಿತ್ತು.

ಲೇಖನ ಮುಂದೆ ಅಚ್ಚಾಗಿ ಬಂತು. ಹುಳುವನ್ನು ಇಕ್ಕಳ ಹರಿಯದಂತೆ ಬಿಡಿಸುವ ಉಪ್ಪುನೀರಿನ ಕ್ರಮ ಅದರಲ್ಲಿ ಇದೆಯಂತೆ, ನೂರು ಪಾಲಿಗೆ ಇಷ್ಟು ಪಾಲು ಎಂದು. ನನ್ನ ಹಿಡಿ ಅಲ್ಲಿ ಅಂಕಿಯಾಗಿ ಹೋಗಿತ್ತು. ಕೊನೆಗೆ ಚಿತ್ರಗಳಿಗಾಗಿ ಆ ಹುಡುಗಿಗೆ ಕೃತಜ್ಞತೆ, ಹೆಸರು ಸಹಿತ. ನಮ್ಮವರು ಅದನ್ನು ಓದಿ ಕನ್ನಡದಲ್ಲಿ ಹೇಳಿದಾಗ ಛಲೋ ಆತು ಎಂದೆ. ಆ ದಿನದ ಪಲ್ಯ ತಳ ಹತ್ತಿತು.

ಆದರೆ ನಾನು ಹೇಳುತ್ತಿದ್ದದ್ದು ಆ ರವಿವಾರದ ಮಾತು. ಮೀನಿನ ನೀರು ಮುಟ್ಟಿದ್ದಕ್ಕೆ ಮತ್ತೆ ತಲೆಗೆ ನೀರು ಹಾಕಿಕೊಂಡು ಅಡಿಗೆಗೆ ಕೂತೆ, ಊಟಕ್ಕೆ ಎರಡು ಗಂಟೆ ಮೀರಿತು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು, ಅನ್ನ, ತೊಗರಿಬೇಳೆ ಸಾರು. ಹುಡುಗಿಯೂ ಉಂಡಳು, ಅತ್ತೆ ಅವಳಿಗೆ ತಮ್ಮ ಎದುರಿಗೆ ಎಲೆ ಹಾಕಿಸಿದರು. ನಾನು ಅವಳಿಗೆ ನೀರು ಕೊಟ್ಟದ್ದು ಅಂಚು ಸರಿಯಿದ್ದ ಲೋಟದಲ್ಲಿ. ಮೊದಲ ತುತ್ತಿಗೇ ಅತ್ತೆ ಕೈ ನಿಲ್ಲಿಸಿದರು.

"ಉಪ್ಪ ಇಲ್ಲಲ್ಲವಾ ಒಂದರಾಗೂ."

"ಉಪ್ಪ ಉಳದಿಲ್ರಿ ಅತ್ತಿ."

"ಎಲ್ಲಾ ಆ ಹುಳಕ್ಕ ಹಾಕಿದ್ರೇನು?"

"ಹೂಂನ್ರಿ."

ನಮ್ಮವರು ತಲೆ ಬಗ್ಗಿಸಿ ಉಪ್ಪಿಲ್ಲದ ಸಾರನ್ನೇ ಎರಡು ಸಲ ಹಾಕಿಸಿಕೊಂಡರು. ಮೆಂತ್ಯದ ಉಪ್ಪಿನಕಾಯಿ ಇತ್ತು, ಅದರಲ್ಲೇ ನಾಲ್ವರದೂ ನಡೆಯಿತು.

ಊಟವಾದ ಮೇಲೆ ಮೊದಲು ನಿದ್ದೆ ಹೋದವಳು ಆ ಹುಡುಗಿ, ಚಾಪೆಯ ಮೇಲೆ, ಕೈಯಲ್ಲಿ ಪೆನ್ಸಿಲು ಹಾಗೇ ಇತ್ತು. ಆಮೇಲೆ ಅತ್ತೆ. ಸ್ಟೂಲು ಖಾಲಿ ಇತ್ತು. ನಮ್ಮವರು ಎರಡನೆಯ ಪಟ್ಟಿಯನ್ನು ಗಾಜಿನಡಿ ಸರಿಸಿ, ಕಣ್ಣು ಇಡದೆ, ಒಂದು ಕಡೆ ಜರುಗಿ ಕೂತರು. ನಾನು ಕೈ ಒರೆಸಿಕೊಂಡು ಹೋದೆ.